ಊರಿಗೆ ಮರಳುವ ಅರಿವು: ವಿಜ್ಞಾನ ಪ್ರಸಾರ ಮತ್ತು ವಿದ್ಯಾರ್ಥಿಗಳ ಅಸ್ಮಿತೆ

2025ರ ಸೆಪ್ಟೆಂಬರ್ 7ರ ರಾತ್ರಿ ಸಂಪೂರ್ಣ ಚಂದ್ರಗ್ರಹಣ ಸಂಭವಿಸಿತು. ರಾತ್ರಿ 11 ಗಂಟೆಯಿಂದ ಸುಮಾರು 82 ನಿಮಿಷಗಳ ಕಾಲ ಚಂದ್ರನು ಭೂಮಿಯ ನೆರಳಿನೊಳಗೆ ಪೂರ್ತಿಯಾಗಿ ಮುಳುಗಿ ತಾಮ್ರದ ಬಣ್ಣ ತಳೆದನು. ಬರಿಗಣ್ಣಿನಿಂದ ನೋಡಬಹುದಾದ, ನೋಡಿದವರಿಗೆ ಯಾವ ಅಪಾಯವನ್ನೂ ಮಾಡದ ನೋಟವದು. ಆ ಹೊತ್ತಿಗೆ ಅನೇಕ ದೇವಾಲಯಗಳು ಬಾಗಿಲು ಮುಚ್ಚಿದ್ದವು. ಎಷ್ಟೋ ಮನೆಗಳಲ್ಲಿ ಸಂಜೆಯೇ ಒಲೆ ಆರಿತ್ತು. ಗರ್ಭಿಣಿಯರಿಗೆ ಹೊರಗೆ ಬಾರದಂತೆ ಹೇಳಲಾಗಿತ್ತು. ಅಂತಹ ಮನೆಗಳಲ್ಲಿ ಬಿ.ಎಸ್ಸಿ., ಎಂ.ಎಸ್ಸಿ. ಓದುತ್ತಿರುವ ಮಕ್ಕಳೂ ಇರುತ್ತಾರೆ. ಗ್ರಹಣ ಹೇಗೆ ಸಂಭವಿಸುತ್ತದೆ ಎಂಬುದನ್ನು ಚಿತ್ರಸಹಿತ ಬರೆದು ಅಂಕ ಪಡೆದವರು ಅವರು. ಆದರೆ ಅವರಲ್ಲಿ ಎಷ್ಟು ಮಂದಿ ಅಜ್ಜಿಯ ಪಕ್ಕದಲ್ಲಿ ಕುಳಿತು ಅದನ್ನೇ ಅವರಿಗೆ ತಿಳಿಯುವ ಕನ್ನಡದಲ್ಲಿ ಹೇಳಿದರು?

ಈ ಪ್ರಶ್ನೆ ಗ್ರಹಣಕ್ಕೆ ಸಂಬಂಧಿಸಿದ್ದಲ್ಲ, ವಿದ್ಯಾರ್ಥಿಗೆ ಸಂಬಂಧಿಸಿದ್ದು. ಕಾಲೇಜಿನಲ್ಲಿ ಕಲಿತದ್ದನ್ನು ಮನೆಯಲ್ಲಿ ಹೇಳಲಾಗದ ವಿದ್ಯಾರ್ಥಿಯು ತನ್ನನ್ನು ತಾನು ಯಾರೆಂದು ತಿಳಿದುಕೊಂಡಿದ್ದಾನೆ? ವಿಜ್ಞಾನ ಅವನಿಗೆ ಪರೀಕ್ಷೆಯ ವಿಷಯವೋ ಅವನ ವ್ಯಕ್ತಿತ್ವದ ಭಾಗವೋ? ವಿಜ್ಞಾನವನ್ನು ಜನರ ಬಳಿಗೆ ಒಯ್ಯುವ ಕಾರ್ಯವನ್ನು ನಾವು ಸಾಮಾನ್ಯವಾಗಿ ಕೇಳುವ ಜನರ ಹಿತದಿಂದ ಮಾತ್ರ ಅಳೆಯುತ್ತೇವೆ. ಒಯ್ಯುವ ವಿದ್ಯಾರ್ಥಿಯಲ್ಲಿ ಅದು ಏನನ್ನು ಕಟ್ಟುತ್ತದೆ ಎಂಬುದು ಅಷ್ಟೇ ಮಹತ್ವದ ವಿಷಯ. ಮಠಗಳ ಆಶ್ರಯದಲ್ಲಿ ಸಾವಿರಾರು ಯುವಕ ಯುವತಿಯರು ವಿಜ್ಞಾನ ಓದುತ್ತಿರುವ ನಮ್ಮ ಸಮಾಜವು ಇದನ್ನು ಗಂಭೀರವಾಗಿ ಚಿಂತಿಸಬೇಕಾಗಿದೆ.

ಒಂದೇ ಬೆಳಗು, ಎರಡು ನೋಟ

2019ರ ಡಿಸೆಂಬರ್ 26ರ ಬೆಳಿಗ್ಗೆ ದಕ್ಷಿಣ ಕನ್ನಡ ಮತ್ತು ಕೊಡಗಿನ ಕೆಲವು ಭಾಗಗಳಲ್ಲಿ ಕಂಕಣ ಸೂರ್ಯಗ್ರಹಣ ಕಾಣಿಸಿತು. ನಾಡಿನ ಉಳಿದೆಡೆ ಪಾರ್ಶ್ವಗ್ರಹಣ. ಸುರಕ್ಷಿತ ಕನ್ನಡಕಗಳನ್ನು ಹಿಡಿದು, ರಟ್ಟಿನಲ್ಲಿ ಸೂಜಿರಂಧ್ರ ಮಾಡಿ ಸೂರ್ಯನ ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ, ವಿದ್ಯಾರ್ಥಿಗಳೂ ಅಧ್ಯಾಪಕರೂ ಹಲವೆಡೆ ಜನರಿಗೆ ಆ ದೃಶ್ಯವನ್ನು ತೋರಿಸಿದರು. ಅದೇ ಬೆಳಿಗ್ಗೆ ಕಲಬುರಗಿ ಸಮೀಪದ ಗ್ರಾಮವೊಂದರಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತು. ಗ್ರಹಣದ ಹೊತ್ತಿನಲ್ಲಿ ಹೀಗೆ ಮಾಡಿದರೆ ಮಕ್ಕಳು ಗುಣವಾಗುತ್ತಾರೆ ಎಂಬ ನಂಬಿಕೆಯಿಂದ ಹೆತ್ತವರೇ ಆ ಕೆಲಸ ಮಾಡಿದ್ದರು.

ಆ ತಂದೆತಾಯಿಗಳನ್ನು ಕ್ರೂರಿಗಳೆನ್ನುವುದು ತಪ್ಪು. ಮಗುವಿನ ನೋವನ್ನು ನೋಡಲಾರದೆ, ಬೇರೆ ದಾರಿ ತೋರಿಸುವವರಿಲ್ಲದೆ, ಯಾರೋ ಹೇಳಿದ್ದನ್ನು ನಂಬಿದವರು ಅವರು. ನಮ್ಮನ್ನು ಕಾಡಬೇಕಾದ ಸಂಗತಿ ಬೇರೊಂದಿದೆ. ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯವಿದೆ. ಜಿಲ್ಲೆಯಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ವೈದ್ಯಕೀಯ, ತಾಂತ್ರಿಕ ಕಾಲೇಜುಗಳಿವೆ. ಅಲ್ಲಿನ ತರಗತಿಗಳಿಂದ ಆ ಗ್ರಾಮಕ್ಕಿರುವ ದೂರ ಕೆಲವೇ ಮೈಲಿ. ಅಷ್ಟು ಸಮೀಪದಲ್ಲಿದ್ದೂ ಅರಿವು ಆ ದೂರವನ್ನು ಕ್ರಮಿಸಲಿಲ್ಲ. ಕಟ್ಟಡಗಳಿಗೆ ಕಾಲಿಲ್ಲ. ಅರಿವು ಊರಿಗೆ ಹೋಗಬೇಕಾದರೆ ವಿದ್ಯಾರ್ಥಿಯ ಕಾಲಿನ ಮೇಲೆಯೇ ಹೋಗಬೇಕು.

ಇಬ್ಭಾಗವಾದ ಬದುಕು

ಗ್ರಾಮೀಣ ಹಿನ್ನೆಲೆಯಿಂದ ಬಂದು ಪ್ರಸಾದ ನಿಲಯದಲ್ಲಿದ್ದುಕೊಂಡು ಪದವಿ ಓದುವ ವಿದ್ಯಾರ್ಥಿಯ ಸ್ಥಿತಿಯನ್ನು ಗಮನಿಸಿರಿ. ಎಷ್ಟೋ ವೇಳೆ ಅವನು ತನ್ನ ಮನೆತನದಲ್ಲಿ ಪದವಿಯ ಮೆಟ್ಟಿಲು ಹತ್ತಿದ ಮೊದಲಿಗ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತವನಿಗೆ ವಿಜ್ಞಾನ ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ಅಲ್ಲಿಂದ ಅವನ ಬದುಕು ಎರಡಾಗುತ್ತದೆ. ಪ್ರಯೋಗಾಲಯದಲ್ಲಿ ಒಂದು ಭಾಷೆ, ಮನೆಯಲ್ಲಿ ಇನ್ನೊಂದು. ಅಲ್ಲಿ ಒಂದು ಕಾರಣ, ಇಲ್ಲಿ ಇನ್ನೊಂದು. ಎರಡೂ ಕಡೆ ಅವನು ಮೌನಿ. ತರಗತಿಯಲ್ಲಿ ಭಾಷೆಯ ಅಳುಕಿನಿಂದ ಪ್ರಶ್ನೆ ಕೇಳುವುದಿಲ್ಲ. ಮನೆಯಲ್ಲಿ ಹಿರಿಯರ ಮೇಲಿನ ಗೌರವದಿಂದ ಉತ್ತರ ಹೇಳುವುದಿಲ್ಲ. ಕೊನೆಗೆ ಪದವಿ ಪ್ರಮಾಣಪತ್ರ ಕೈಗೆ ಬಂದಾಗಲೂ ತಾನು ವಿಜ್ಞಾನದವನು ಎಂಬ ಭಾವ ಅವನಲ್ಲಿ ಮೂಡಿರುವುದಿಲ್ಲ.

ಶಿಕ್ಷಣತಜ್ಞರು ಈ ಭಾವವನ್ನು ವಿಜ್ಞಾನ ಅಸ್ಮಿತೆ ಎಂದು ಕರೆಯುತ್ತಾರೆ. ಅಮೆರಿಕದ ಹೈಡಿ ಕಾರ್ಲೋನ್ ಮತ್ತು ಏಂಜೆಲಾ ಜಾನ್ಸನ್ ಎಂಬ ಇಬ್ಬರು ವಿದ್ವಾಂಸರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕ್ಷೇತ್ರದಲ್ಲಿ ಹೆಸರಾಗಿದೆ. ಬಿಳಿಯರಲ್ಲದ ಸಮುದಾಯಗಳಿಂದ ಬಂದು ವಿಜ್ಞಾನದಲ್ಲಿ ಯಶಸ್ಸು ಪಡೆದ 15 ಮಹಿಳೆಯರ ಅನುಭವವನ್ನು ಅವರು ವಿದ್ಯಾರ್ಥಿದೆಸೆಯಿಂದ ವೃತ್ತಿಜೀವನದವರೆಗೆ ಪರಿಶೀಲಿಸಿದರು. ಅವರು ಗುರುತಿಸಿದಂತೆ ಈ ಅಸ್ಮಿತೆಗೆ ಮೂರು ಅಂಗಗಳಿವೆ: ವಿಷಯವನ್ನು ಅರಿತಿರುವ ಸಾಮರ್ಥ್ಯ, ಅದನ್ನು ಇತರರ ಮುಂದೆ ನಡೆಸಿ ತೋರಿಸುವುದು, ಮತ್ತು ಇತರರಿಂದ ದೊರೆಯುವ ಮನ್ನಣೆ. ನಮ್ಮ ಪರೀಕ್ಷಾ ಪದ್ಧತಿ ಮೊದಲನೆಯದನ್ನು ಮಾತ್ರ ಅಳೆಯುತ್ತದೆ. ಎರಡನೆಯದಕ್ಕೂ ಮೂರನೆಯದಕ್ಕೂ ಬಹುಪಾಲು ವಿದ್ಯಾರ್ಥಿಗಳಿಗೆ ಅವಕಾಶವೇ ಇಲ್ಲ.

ಆ ಅಧ್ಯಯನದ ಇನ್ನೊಂದು ಫಲಿತ ನಮಗೆ ಇನ್ನಷ್ಟು ಹತ್ತಿರದ್ದು. ಆ ಮಹಿಳೆಯರಲ್ಲಿ ಕೆಲವರು ಸಂಶೋಧಕರ ವಲಯದಲ್ಲಿ ಮನ್ನಣೆ ಪಡೆದು ಮುಂದುವರಿದರು. ಕೆಲವರಿಗೆ ಅವರ ಬಣ್ಣವೋ ಹೆಣ್ಣುತನವೋ ಅಡ್ಡ ಬಂದು ಆ ಮನ್ನಣೆ ಸಿಗದೆ ಹಾದಿ ಕಠಿಣವಾಯಿತು. ಮತ್ತೆ ಕೆಲವರು ವಿಜ್ಞಾನವನ್ನು ಪರರ ಸೇವೆಯ ಸಾಧನವೆಂದು ಭಾವಿಸಿದರು. ಯಾರ ಮನ್ನಣೆ ತಮಗೆ ಮುಖ್ಯ ಎಂಬುದನ್ನು ಅವರೇ ನಿರ್ಧರಿಸಿಕೊಂಡರು. ಪ್ರಾಧ್ಯಾಪಕರ ಮೆಚ್ಚುಗೆಗೆ ಮಾತ್ರ ಕಾಯದೆ, ತಾವು ಸೇವೆ ಸಲ್ಲಿಸುವ ಜನರ ಕಣ್ಣಿನಲ್ಲಿ ತಮ್ಮ ಗುರುತನ್ನು ಕಂಡುಕೊಂಡರು. ಈ ಮಾತು ಕಾಯಕ ಮತ್ತು ದಾಸೋಹದ ಪರಂಪರೆಯಲ್ಲಿ ಬೆಳೆದವರಿಗೆ ಹೊಸದೆನಿಸದು.

ಶರಣರ ಹೆಸರುಗಳು ಹೇಳುವುದೇನು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮನುಷ್ಯನ ಗುರುತು ಹೇಗೆ ಬದಲಾಯಿತು ಎಂಬುದನ್ನು ಶರಣರ ಹೆಸರುಗಳೇ ಸಾರುತ್ತವೆ. ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ಮೇದಾರ ಕೇತಯ್ಯನವರು, ನುಲಿಯ ಚಂದಯ್ಯನವರು, ಆಯ್ದಕ್ಕಿ ಲಕ್ಕಮ್ಮನವರು. ಸಮಾಜವು ಕೀಳೆಂದು ಬಗೆದ ಕೆಲಸವನ್ನೇ ಇವರು ಹೆಸರಿನ ಮುಂದೆ ಇಟ್ಟುಕೊಂಡರು. ಬಟ್ಟೆ ಮಡಿ ಮಾಡುವುದನ್ನು, ದೋಣಿ ನಡೆಸುವುದನ್ನು, ಬಿದಿರು ಹೆಣೆಯುವುದನ್ನು, ಹಗ್ಗ ಹೊಸೆಯುವುದನ್ನು ಬಿಟ್ಟುಬಂದು ಅವರು ಅನುಭಾವಿಗಳಾಗಲಿಲ್ಲ. ಅವರ ಅನುಭಾವ ಅರಳಿದ್ದು ಆ ಕಾಯಕದೊಳಗೇ. ಅನುಭವ ಮಂಟಪದಲ್ಲಿ ಅವರಿಗೆ ಮನ್ನಣೆ ದೊರೆತದ್ದು ಹುಟ್ಟಿನಿಂದಲ್ಲ, ನಡೆಯಿಂದ ಮತ್ತು ನುಡಿಯಿಂದ.

ಇನ್ನೊಂದು ಅಂಶವನ್ನೂ ನೆನೆಯಬೇಕು. ಅಂದು ತತ್ತ್ವಜಿಜ್ಞಾಸೆಯ ಭಾಷೆ ಸಂಸ್ಕೃತವಾಗಿತ್ತು. ಅದನ್ನು ಬಲ್ಲವರು ಕೆಲವರು. ಬಸವಾದಿ ಶರಣರು ಅತ್ಯಂತ ಸೂಕ್ಷ್ಮವಾದ ವಿಚಾರಗಳನ್ನು ಜನರಾಡುವ ಕನ್ನಡದಲ್ಲಿ ಹೇಳಿದರು. ಹಾಗೆ ಹೇಳುವಾಗ ವಿಚಾರ ತೆಳುವಾಗಲಿಲ್ಲ, ಕನ್ನಡವೇ ಬಲಗೊಂಡಿತು. ಹೊಲ, ಮಗ್ಗ, ಅಡಿಗೆಮನೆ, ಮಾರುಕಟ್ಟೆಗಳ ಮಾತು ತತ್ತ್ವದ ಮಾತಾಯಿತು.

ಆದ್ದರಿಂದ ವಿಜ್ಞಾನದ ವಿದ್ಯಾರ್ಥಿಯೊಬ್ಬಳು ತನ್ನ ಊರಿಗೆ ಬಂದು ತಾನು ಕಲಿತದ್ದನ್ನು ಕನ್ನಡದಲ್ಲಿ ಹೇಳಲು ನಿಂತಾಗ, ಅವಳು ಯಾವುದೋ ಪರಕೀಯ ಕೆಲಸ ಮಾಡುತ್ತಿಲ್ಲ. ಓದು ಅವಳ ಕಾಯಕ. ಓದಿದ್ದನ್ನು ಹಂಚುವುದು ದಾಸೋಹ. ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಶರಣರು ಆಧುನಿಕ ವಿಜ್ಞಾನವನ್ನು ಮೊದಲೇ ಬಲ್ಲವರಾಗಿದ್ದರು ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವುದು ಶರಣರಿಗೂ ವಿಜ್ಞಾನಕ್ಕೂ ಮಾಡುವ ಅಪಚಾರ. ಶರಣರು ನಮಗೆ ಕೊಟ್ಟದ್ದು ಪ್ರಶ್ನಿಸುವ ಧೈರ್ಯ ಮತ್ತು ಹಂಚುವ ಹೊಣೆ. ಸಿದ್ಧ ಉತ್ತರಗಳ ಪಟ್ಟಿಯನ್ನಲ್ಲ.

ನಾಡು ತೋರಿದ ದಾರಿ

ಕನ್ನಡದಲ್ಲಿ ವಿಜ್ಞಾನ ಹೇಳುವ ಪರಂಪರೆಗೆ ನೂರು ವರ್ಷ ದಾಟಿದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರತಂದರು. ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ ಸಂಪುಟಗಳನ್ನು ರಚಿಸಿದರು. ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕೈಗೊಂಡ ಸಸ್ಯಸಂಗ್ರಹದ ಪ್ರವಾಸಗಳನ್ನೇ ‘ಹಸುರು ಹೊನ್ನು’ ಕೃತಿಯಾಗಿಸಿದರು. ಆ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ವಿಜ್ಞಾನಿಯೂ ಕನ್ನಡ ಬರಹಗಾರನೂ ಒಬ್ಬನೇ ಆಗಿರಬಹುದು ಎಂಬುದಕ್ಕೆ ಅದು ನಿದರ್ಶನ. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಈ ಕೆಲಸವನ್ನು ಜಿಲ್ಲೆ, ತಾಲ್ಲೂಕುಗಳಿಗೆ ಒಯ್ದಿತು.

ವಿದ್ಯಾರ್ಥಿಗಳ ಅಸ್ಮಿತೆಯ ದೃಷ್ಟಿಯಿಂದ ಡಾ. ಎಚ್. ನರಸಿಂಹಯ್ಯನವರ ಬದುಕು ವಿಶೇಷವಾಗಿ ಗಮನಾರ್ಹ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದ ಅವರು ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಭಾಗವಹಿಸಿದರು, ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಮರಳಿ ಬಂದು 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ವಾರವಾರವೂ ಸಾರ್ವಜನಿಕರಿಗಾಗಿ ವಿಜ್ಞಾನದ ಉಪನ್ಯಾಸ ನಡೆಸುವುದು ಅದರ ಕ್ರಮ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸುವ ಸಮಿತಿಯನ್ನು ರಚಿಸಿದರು. ಇಷ್ಟೆಲ್ಲ ಆದರೂ ಖಾದಿ ಉಡುಪು, ಗಾಂಧಿ ಟೋಪಿ, ವಿದ್ಯಾರ್ಥಿ ನಿಲಯದ ಸರಳ ಕೋಣೆ ಇವುಗಳನ್ನು ಅವರು ಬಿಡಲಿಲ್ಲ. ಭೌತವಿಜ್ಞಾನಿಯಾಗಲು ಹಳ್ಳಿಯವನೆಂಬುದನ್ನು ಮರೆಯಬೇಕಿಲ್ಲ, ಇಂಗ್ಲಿಷ್ ಬಲ್ಲವನಾಗಲು ಕನ್ನಡವನ್ನು ತೊರೆಯಬೇಕಿಲ್ಲ ಎಂಬುದನ್ನು ಅವರು ಬದುಕಿ ತೋರಿಸಿದರು. ಅವರನ್ನು ನೋಡಿದ ವಿದ್ಯಾರ್ಥಿಗಳು ಕಲಿತ ದೊಡ್ಡ ಪಾಠ ಅದೇ ಇರಬೇಕು.

ಊರು ಕಲಿಸುವ ಪಾಠ

ವಿಜ್ಞಾನ ಪ್ರಸಾರವೆಂದರೆ ತಿಳಿದವನು ತಿಳಿಯದವರಿಗೆ ಉಪದೇಶಿಸುವುದು ಎಂಬ ಕಲ್ಪನೆಯಿದೆ. ಊರಿನಲ್ಲಿ ನಿಂತು ಮಾತನಾಡಿದ ವಿದ್ಯಾರ್ಥಿಗೆ ಇದು ಅರ್ಧಸತ್ಯವೆಂಬುದು ಬೇಗನೆ ತಿಳಿಯುತ್ತದೆ.

ಎರೆ ಭೂಮಿಯ ಉದಾಹರಣೆ ನೋಡೋಣ. ಬೇಸಿಗೆಯಲ್ಲಿ ಎರೆ ಹೊಲ ಬಿರಿಯುತ್ತದೆ, ಮಳೆಗೆ ಮತ್ತೆ ಕೂಡಿಕೊಳ್ಳುತ್ತದೆ. ಮಸಾರಿ ಹೊಲ ಹಾಗೆ ಬಿರಿಯುವುದಿಲ್ಲ. ಇದನ್ನು ಬಯಲುಸೀಮೆಯ ಪ್ರತಿಯೊಬ್ಬ ರೈತನೂ ಬಲ್ಲ. ನೀರು ಹೀರಿ ಉಬ್ಬುವ, ಒಣಗಿದಾಗ ಕುಗ್ಗುವ ಒಂದು ಬಗೆಯ ಜೇಡಿಕಣಗಳು ಎರೆ ಮಣ್ಣಿನಲ್ಲಿ ಹೆಚ್ಚಾಗಿರುವುದೇ ಇದಕ್ಕೆ ಕಾರಣವೆಂದು ರಸಾಯನಶಾಸ್ತ್ರದ ವಿದ್ಯಾರ್ಥಿ ಬಲ್ಲ. ಇಬ್ಬರೂ ಹೊಲದ ಬದುವಿನ ಮೇಲೆ ಕುಳಿತಾಗ ರೈತನಿಗೆ ಕಾರಣ ಸಿಗುತ್ತದೆ, ವಿದ್ಯಾರ್ಥಿಗೆ ತನ್ನ ಪುಸ್ತಕದ ಪದಕ್ಕೆ ಒಂದು ಹೊಲ ಸಿಗುತ್ತದೆ. ತನ್ನ ತಂದೆ ಓದಿಲ್ಲದವನಾದರೂ ತಿಳಿಯದವನಲ್ಲ ಎಂಬ ಅರಿವೂ ಸಿಗುತ್ತದೆ. ಓದಿದ ಮಗನಲ್ಲಿ ಹೆತ್ತವರ ಬಗ್ಗೆ ಮೂಡಬಹುದಾದ ಸಂಕೋಚಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ರೋಹಿಣಿ, ಮೃಗಶಿರ, ಆರಿದ್ರ ಎಂದು ರೈತರು ಎಣಿಸುವ ಮಳೆ ನಕ್ಷತ್ರಗಳೂ ಹೀಗೆಯೇ. ಸೂರ್ಯನ ವರ್ಷದ ಹಾದಿಯನ್ನು 27 ಭಾಗ ಮಾಡಿದರೆ ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ ಬರುತ್ತದೆ. ಬಿತ್ತನೆಯ ಕಾಲವನ್ನು ತಿಳಿಯಲು ಹಿಂದಿನವರು ಆಕಾಶವನ್ನೇ ಪಂಚಾಂಗ ಮಾಡಿಕೊಂಡಿದ್ದರು. ಅದು ವೀಕ್ಷಣೆಯ ಫಲ. ಆದರೆ ಇಂಥ ನಕ್ಷತ್ರದಲ್ಲಿ ಹುಟ್ಟಿದವಳಿಂದ ಮನೆಗೆ ಕೇಡು ಎಂಬ ಮಾತು ವೀಕ್ಷಣೆಯ ಫಲವಲ್ಲ. ಒಂದನ್ನು ಗೌರವಿಸಿ ಇನ್ನೊಂದನ್ನು ಬಿಡುವ ವಿವೇಕವನ್ನು ವಿದ್ಯಾರ್ಥಿಯು ಊರಿನವರ ಜೊತೆ ಮಾತನಾಡುತ್ತಲೇ ಗಳಿಸುತ್ತಾನೆ.

ಇದಕ್ಕೆ ಹೆಚ್ಚಿನ ಖರ್ಚೂ ಬೇಕಿಲ್ಲ. ನಮ್ಮ ನಾಡಿನ ಪ್ರತಿ ಊರಿನಲ್ಲಿಯೂ ವರ್ಷಕ್ಕೆ ಎರಡು ದಿನ ನಡುಹಗಲಿನಲ್ಲಿ ನೆಟ್ಟಗೆ ನಿಂತ ಕೋಲಿನ ನೆರಳು ಕಾಣದಾಗುತ್ತದೆ. ಏಪ್ರಿಲ್ ಮೂರನೆಯ ವಾರದ ಸುಮಾರಿಗೆ ರಾಜ್ಯದ ದಕ್ಷಿಣ ತುದಿಯಲ್ಲಿ ಆರಂಭವಾಗುವ ಈ ಶೂನ್ಯ ನೆರಳಿನ ದಿನವು ಮೇ ಮಧ್ಯಭಾಗಕ್ಕೆ ಬೀದರ್ ಜಿಲ್ಲೆಯ ಉತ್ತರದ ತುದಿ ಮುಟ್ಟುತ್ತದೆ. ಮಳೆಗಾಲದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಮರಳುತ್ತದೆ. ಒಂದು ಕೋಲು, ಸಮತಟ್ಟಾದ ಅಂಗಳ, ಸುತ್ತ ನಿಂತ ಮಕ್ಕಳು ಇದ್ದರೆ ಸಾಕು. ಭೂಮಿಯ ಓರೆಯನ್ನು ಪುಸ್ತಕದಲ್ಲಿ ಓದಿದ ವಿದ್ಯಾರ್ಥಿ ಅಂದು ಅದನ್ನು ತನ್ನ ಊರಿನ ಅಂಗಳದಲ್ಲಿ ತೋರಿಸುತ್ತಾನೆ.

ಕೆಲವೆಡೆ ಈ ಕೆಲಸ ಜೀವದ ಪ್ರಶ್ನೆಯೇ ಆಗುತ್ತದೆ. 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಮಂದಿ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಇವರಲ್ಲಿ ಹೆಚ್ಚಿನವರು ಹಳ್ಳಿಗರು. ಕರ್ನಾಟಕ ಸರ್ಕಾರವು 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಆದರೂ ಕಡಿತಕ್ಕೊಳಗಾದವರನ್ನು ಮೊದಲು ಮಂತ್ರ ಹಾಕುವವರ ಬಳಿಗೆ ಒಯ್ಯುವ ರೂಢಿ ಅಳಿದಿಲ್ಲ. ಆಸ್ಪತ್ರೆಯಲ್ಲಿ ಸಕಾಲಕ್ಕೆ ಸಿಗುವ ಪ್ರತಿವಿಷದ ಚುಚ್ಚುಮದ್ದು ಮಾತ್ರ ಜೀವ ಉಳಿಸಬಲ್ಲದು, ಕಡಿದ ಜಾಗವನ್ನು ಕೊಯ್ಯುವುದಾಗಲಿ ಬಿಗಿಯಾಗಿ ಕಟ್ಟುವುದಾಗಲಿ ಹಾನಿಕರ ಎಂಬ ಮಾತನ್ನು ಸರ್ಕಾರದ ಭಿತ್ತಿಪತ್ರ ಹೇಳುವುದಕ್ಕೂ, ನಮ್ಮವಳೇ ಆದ ಜೀವಶಾಸ್ತ್ರದ ವಿದ್ಯಾರ್ಥಿನಿ ಹೇಳುವುದಕ್ಕೂ ವ್ಯತ್ಯಾಸವಿದೆ. ಅವಳ ಮಾತು ಕೇಳಿ ಒಂದು ಮನೆಯವರು ಆಸ್ಪತ್ರೆಯ ದಾರಿ ಹಿಡಿದರೆ, ಅಂದು ಅವಳಿಗೆ ದೊರೆಯುವ ಮನ್ನಣೆಯನ್ನು ಯಾವ ಅಂಕಪಟ್ಟಿಯೂ ಕೊಡಲಾರದು.

ಹೆಣ್ಣುಮಕ್ಕಳ ಮಾತಿಗೆ ಕಿವಿ

ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ 2020–21ರ ವರದಿಯಂತೆ ದೇಶದಲ್ಲಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದ 55.5 ಲಕ್ಷ ವಿದ್ಯಾರ್ಥಿಗಳಲ್ಲಿ 29.5 ಲಕ್ಷ ಹೆಣ್ಣುಮಕ್ಕಳು, 26 ಲಕ್ಷ ಗಂಡುಮಕ್ಕಳು. ವಿಜ್ಞಾನದ ತರಗತಿಯಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಹಾಗಿದ್ದರೂ ಮನೆಯಲ್ಲಿ, ಊರಿನ ಕಟ್ಟೆಯಲ್ಲಿ, ಸಭೆಯಲ್ಲಿ ಅವರ ಮಾತಿಗೆ ಎಷ್ಟು ತೂಕ? ಗ್ರಹಣದ ಹೊತ್ತಿನಲ್ಲಿ ಗರ್ಭಿಣಿ ಹೊರಬಂದರೆ ಮಗುವಿಗೆ ಸೀಳುತುಟಿ ಬರುತ್ತದೆ ಎಂಬ ಮಾತನ್ನು ಕೇಳಿ ಬೆಳೆದವಳು, ಅದಕ್ಕೆ ಕಾರಣ ಆನುವಂಶಿಕ ಅಂಶಗಳು, ಗರ್ಭಿಣಿಯ ಪೋಷಣೆ, ಆಕೆ ಸೇವಿಸಿದ ಕೆಲವು ಔಷಧಗಳೇ ಮೊದಲಾದವುಗಳಲ್ಲಿದೆ ಎಂದು ಕಾಲೇಜಿನಲ್ಲಿ ಕಲಿಯುತ್ತಾಳೆ. ಆದರೆ ಅದನ್ನು ಹೇಳಿದರೆ ಹೆಚ್ಚು ಓದಿ ಬಾಯಿ ಬಂತು ಎನ್ನುತ್ತಾರೆ. ಅಂತಹ ಮಗುವನ್ನು ಹೆತ್ತ ತಾಯಿಯು ಜೀವನವಿಡೀ ತನ್ನದಲ್ಲದ ತಪ್ಪಿಗೆ ನೊಂದುಕೊಳ್ಳುತ್ತಾಳೆ.

ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಪತಿ ಮಾರಯ್ಯನವರನ್ನು ಹಿಂದಿರುಗಿಸಿ ಕಳುಹಿದ ಲಕ್ಕಮ್ಮನವರ ಮಾತಿಗೆ ಕಲ್ಯಾಣವು ತಲೆಬಾಗಿತು. ರಜಸ್ಸಿನ ಸೂತಕವನ್ನೂ ಒಳಗೊಂಡಂತೆ ಪಂಚಸೂತಕಗಳನ್ನು ನಿರಾಕರಿಸಿದ ಧರ್ಮ ನಮ್ಮದು. ಆ ಧರ್ಮದ ಮನೆಗಳಲ್ಲಿ ಓದಿದ ಮಗಳ ಮಾತು ಅಡಿಗೆಮನೆಯ ಹೊಸ್ತಿಲು ದಾಟದಿದ್ದರೆ, ಕೊರತೆ ಅವಳ ಓದಿನಲ್ಲಿಲ್ಲ, ನಮ್ಮ ಕಿವಿಯಲ್ಲಿದೆ.

ವೇದಿಕೆಯ ವಿಜ್ಞಾನದ ಅಪಾಯ

ವಿಜ್ಞಾನ ಪ್ರಸಾರದ ಹೆಸರಿನಲ್ಲಿ ನಡೆಯುವುದೆಲ್ಲವೂ ಅಸ್ಮಿತೆಯನ್ನು ಕಟ್ಟುವುದಿಲ್ಲ. ಸರ್ ಸಿ.ವಿ. ರಾಮನ್ ಅವರು 1928ರ ಫೆಬ್ರುವರಿ 28ರಂದು ಪ್ರಕಟಿಸಿದ ಶೋಧದ ನೆನಪಿಗೆ ಪ್ರತಿವರ್ಷ ರಾಷ್ಟ್ರೀಯ ವಿಜ್ಞಾನ ದಿನವನ್ನು ಆಚರಿಸುತ್ತೇವೆ. ಅತಿಥಿಗಳ ಭಾಷಣ, ಶಾಲು, ಹಾರ, ಭಾವಚಿತ್ರ, ಪ್ರಮಾಣಪತ್ರ ಇಷ್ಟರಲ್ಲಿ ಎಷ್ಟೋ ಕಡೆ ಆ ದಿನ ಮುಗಿಯುತ್ತದೆ. ವಿದ್ಯಾರ್ಥಿ ಅಲ್ಲಿ ಕುರ್ಚಿ ಜೋಡಿಸುವವನು, ಚಪ್ಪಾಳೆ ತಟ್ಟುವವನು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದಾಗ ನಾವೆಲ್ಲರೂ ಹೆಮ್ಮೆಪಟ್ಟೆವು, ಅದು ಸಹಜ. ಆದರೆ ಹೆಮ್ಮೆ ಒಂದು ಭಾವನೆ, ವೈಜ್ಞಾನಿಕ ಮನೋಭಾವ ಒಂದು ಅಭ್ಯಾಸ. ಮೊದಲನೆಯದು ನೋಡುತ್ತ ಕುಳಿತರೂ ಬರುತ್ತದೆ, ಎರಡನೆಯದು ಮಾಡಿದರೆ ಮಾತ್ರ ಬರುತ್ತದೆ.

ಇನ್ನೊಂದು ಅಪಾಯ ಅಹಂಕಾರ. ಹೊಸದಾಗಿ ಅರಿತ ಯುವಕನು ಊರಿನ ಹಿರಿಯರನ್ನು ಮೂಢರೆಂದು ಹೀಗಳೆದರೆ, ಅವರು ಕಿವಿ ಮುಚ್ಚಿಕೊಳ್ಳುತ್ತಾರೆ, ಅವನು ಊರನ್ನು ಕಳೆದುಕೊಳ್ಳುತ್ತಾನೆ. ಅಪಹಾಸ್ಯದಿಂದ ಯಾರ ನಂಬಿಕೆಯೂ ಕಳಚುವುದಿಲ್ಲ. ಮೂರನೆಯ ಅಪಾಯ ಇದಕ್ಕೆ ವಿರುದ್ಧವಾದದ್ದು. ಎಲ್ಲವೂ ನಮ್ಮ ಪೂರ್ವಿಕರಿಗೆ ಗೊತ್ತಿತ್ತು ಎಂದು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳನ್ನೇ ವಿಜ್ಞಾನವೆಂದು ಸಾರುವುದು. ಅದು ವಿದ್ಯಾರ್ಥಿಗೆ ಸುಲಭದ ಚಪ್ಪಾಳೆ ತಂದುಕೊಡುತ್ತದೆ. ಆದರೆ ಆಧಾರ ಕೇಳುವ ಶಕ್ತಿಯನ್ನು ಕಸಿದುಕೊಳ್ಳುತ್ತದೆ.

ಸರ್ಕಾರದ ಮಟ್ಟದಲ್ಲಿ ಕೆಲವು ಹೆಜ್ಜೆಗಳಾಗಿವೆ. ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯು 1976ರ 42ನೆಯ ತಿದ್ದುಪಡಿಯ ಮೂಲಕ ಸಾರಿದೆ. ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಸಂಶೋಧನೆಯನ್ನು ಜನರಿಗೆ ತಿಳಿಯುವಂತೆ ಬರೆಯಲೆಂದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರಲ್ಲಿ ‘ಅವಸರ್’ ಎಂಬ ಲೇಖನ ಸ್ಪರ್ಧೆಯನ್ನು ಆರಂಭಿಸಿತು. ಅದೇ ಇಲಾಖೆ 2022ರಲ್ಲಿ ಹೊರಡಿಸಿದ ವೈಜ್ಞಾನಿಕ ಸಾಮಾಜಿಕ ಹೊಣೆಗಾರಿಕೆಯ ಮಾರ್ಗಸೂಚಿಯು, ಈ ಕ್ಷೇತ್ರದವರು ವರ್ಷಕ್ಕೆ ಕನಿಷ್ಠ 10 ದಿನಗಳನ್ನು ಸಮಾಜಕ್ಕಾಗಿ ಮೀಸಲಿಡಬೇಕೆಂದು ಹೇಳುತ್ತದೆ. ಮಾರ್ಗಸೂಚಿಗಳು ದಾರಿ ತೋರಿಸಬಲ್ಲವು. ನಡೆಯಬೇಕಾದವರು ಊರಿನವರೂ ಕಾಲೇಜಿನವರೂ.

ನಂಬಿಕೆಗೆ ಕುಂದಾಗುವುದೇ?

ಭಕ್ತರ ಮನಸ್ಸಿನಲ್ಲಿ ಒಂದು ಅಳುಕು ಇರುವುದು ನಿಜ. ಹೀಗೆ ಪ್ರಶ್ನೆ ಕೇಳುವುದನ್ನು ಕಲಿಸಿದರೆ ಮಕ್ಕಳು ನಾಳೆ ವಿಭೂತಿಯನ್ನೂ ಲಿಂಗಪೂಜೆಯನ್ನೂ ಬಿಟ್ಟಾರು ಎಂಬ ಅಳುಕು. ಇದನ್ನು ತಳ್ಳಿಹಾಕಬಾರದು, ವಿವೇಚಿಸಬೇಕು.

ಗ್ರಹಣದಿಂದ ಮಗುವಿಗೆ ಕೇಡಾಗುತ್ತದೆ ಎಂಬುದು ಲೋಕದ ವಿಷಯದಲ್ಲಿ ಮಾಡಿದ ಹೇಳಿಕೆ. ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು. ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಚಿತ್ತವನ್ನು ಒಂದೆಡೆ ನಿಲ್ಲಿಸುವ ಸಾಧನೆಯು ಅಂತಹ ಹೇಳಿಕೆಯಲ್ಲ. ಅದು ಅಂತರಂಗದ ಅಭ್ಯಾಸ. ಸೀಳುತುಟಿಯ ಕಾರಣ ತಿಳಿದ ಮಾತ್ರಕ್ಕೆ ಅದು ಕುಂದುವುದಿಲ್ಲ. ಶುಭ ಅಶುಭ ದಿನ, ಶಕುನ, ಸೂತಕಗಳನ್ನು ಶರಣರೇ ಅಲ್ಲಗಳೆದಿದ್ದಾರೆ. ಹಾಗಿರುವಾಗ ಅವುಗಳ ಬಗ್ಗೆ ವಿದ್ಯಾರ್ಥಿಯು ಪ್ರಶ್ನೆ ಎತ್ತಿದರೆ ಧರ್ಮಕ್ಕೆ ಕುಂದಾಗುವುದು ಹೇಗೆ? ನಿಜ ಹೇಳಬೇಕೆಂದರೆ, ಅವುಗಳು ನಮ್ಮ ಮನೆಗಳಿಗೆ ಮತ್ತೆ ಹೇಗೆ ಬಂದು ಸೇರಿದವು ಎಂದು ಉತ್ತರ ಹೇಳಬೇಕಾದವರು ನಾವು.

ಪ್ರಶ್ನೆ ಕೇಳಿದವರಲ್ಲಿ ಕೆಲವರು ದೂರ ಸರಿಯಲೂಬಹುದು. ಆದರೆ ಕೇಳಗೊಡದೆ ಉಳಿಸಿಕೊಂಡವರು ನಿಜವಾಗಿ ಉಳಿದವರಲ್ಲ. ಪರೀಕ್ಷೆಯ ದಿನ ವಿಜ್ಞಾನಿ, ಗ್ರಹಣದ ದಿನ ಭಯಸ್ಥ ಎಂಬ ಇಬ್ಬಗೆಯ ಬದುಕು ವಿಜ್ಞಾನಕ್ಕೂ ನಿಷ್ಠವಲ್ಲ, ಧರ್ಮಕ್ಕೂ ನಿಷ್ಠವಲ್ಲ. ನಡೆ ನುಡಿ ಒಂದಾಗಬೇಕೆಂಬುದು ನಮ್ಮ ಧರ್ಮದ ಮೊದಲ ಬೇಡಿಕೆ. ಯುವಕರಿಂದ ಅದನ್ನು ಬಯಸುವವರು ಅದಕ್ಕೆ ಅವಕಾಶವನ್ನೂ ಕೊಡಬೇಕು.

ನಮ್ಮ ಸಂಸ್ಥೆಗಳ ಮುಂದಿರುವ ಕಾರ್ಯ

ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರಲ್ಲಿ, ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆ 1910ರಲ್ಲಿ, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ 1916ರಲ್ಲಿ ಹುಟ್ಟಿದವು. ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠ 1954ರಲ್ಲಿ, ಸಿದ್ಧಗಂಗಾ ಮಠದ ತಾಂತ್ರಿಕ ವಿದ್ಯಾಲಯ 1963ರಲ್ಲಿ ಆರಂಭವಾದವು. ಹಳ್ಳಿಯ ಮಗುವಿಗೆ ಶಾಲೆಯನ್ನೂ ಊಟವನ್ನೂ ವಸತಿಯನ್ನೂ ಕೊಟ್ಟು ಪದವಿಯವರೆಗೆ ತಂದದ್ದು ಆ ಪೀಳಿಗೆಯ ಸಾಧನೆ. ಆ ಪದವೀಧರನ ಅರಿವನ್ನು ಹಳ್ಳಿಗೆ ಮರಳಿ ತಲುಪಿಸುವುದು ಈ ಪೀಳಿಗೆಯ ಹೊಣೆ.

ಇದಕ್ಕಾಗಿ ದೊಡ್ಡ ಯೋಜನೆಗಳು ಬೇಕಿಲ್ಲ. ನಮ್ಮ ವಿಜ್ಞಾನ ಕಾಲೇಜುಗಳ ಪ್ರತಿಯೊಂದು ತರಗತಿಯೂ ಒಂದು ಗ್ರಾಮವನ್ನು ಆರಿಸಿಕೊಳ್ಳಲಿ. ವರ್ಷಕ್ಕೊಮ್ಮೆ ಅಲ್ಲ, ಪದವಿಯ ಅವಧಿಯುದ್ದಕ್ಕೂ ಅಲ್ಲಿಗೆ ಹೋಗಿಬರಲಿ. ಪ್ರತಿ ವಿದ್ಯಾರ್ಥಿಯೂ ತಾನು ಓದಿದ ಒಂದು ವಿಷಯವನ್ನಾದರೂ ತನ್ನ ಮನೆಯವರಿಗೆ ಕನ್ನಡದಲ್ಲಿ ವಿವರಿಸಿ, ಅವರು ಕೇಳಿದ ಪ್ರಶ್ನೆಗಳನ್ನು ಬರೆದು ತರಲಿ. ಉತ್ತರ ತಿಳಿಯದ ಪ್ರಶ್ನೆಗೆ ಹೆಚ್ಚಿನ ಬೆಲೆ ಇರಲಿ. ಅಧ್ಯಾಪಕರು ಆ ಪ್ರಶ್ನೆಗಳನ್ನು ತರಗತಿಯಲ್ಲಿ ಎತ್ತಿಕೊಳ್ಳಲಿ. ಮಠಗಳಲ್ಲಿ ನಡೆಯುವ ಶಿವಾನುಭವ ಗೋಷ್ಠಿಗಳಲ್ಲಿ ಆಗಾಗ ಒಬ್ಬ ವಿದ್ಯಾರ್ಥಿನಿಗೋ ವಿದ್ಯಾರ್ಥಿಗೋ ಮಾತನಾಡುವ ಅವಕಾಶವಿರಲಿ. ಪೂಜ್ಯರ ಸಮ್ಮುಖದಲ್ಲಿ, ಊರ ಹಿರಿಯರ ಎದುರಿನಲ್ಲಿ ದೊರೆಯುವ ಆ ಮನ್ನಣೆಯು ಎಳೆಯ ಮನಸ್ಸನ್ನು ಎಷ್ಟು ಗಟ್ಟಿಗೊಳಿಸುತ್ತದೆ ಎಂಬುದನ್ನು ಊಹಿಸಬಹುದು. ಗ್ರಹಣದ ದಿನ ಮಠದ ಅಂಗಳದಲ್ಲಿ ವಿದ್ಯಾರ್ಥಿಗಳು ಜನರಿಗೆ ಆಕಾಶವನ್ನು ತೋರಿಸಲಿ, ದಾಸೋಹದ ಒಲೆ ಎಂದಿನಂತೆ ಉರಿಯಲಿ. ನೂರು ಭಾಷಣಗಳು ಮಾಡದ ಕೆಲಸವನ್ನು ಗ್ರಹಣಕಾಲದ ಒಂದು ಪಂಕ್ತಿ ಪ್ರಸಾದ ಮಾಡೀತು.

ಪೋಷಕರಿಗೂ ಒಂದು ವಿನಂತಿ. ರಜೆಗೆ ಬಂದ ಮಗ ಅಥವಾ ಮಗಳನ್ನು ಎಷ್ಟು ಅಂಕ ಬಂತು ಎಂದು ಕೇಳುವ ಮೊದಲು, ಏನು ಕಲಿತೆ, ನಮಗೂ ಹೇಳು ಎಂದು ಕೇಳಿರಿ. ಅವರು ತಡವರಿಸಿದರೆ ಕಾಯಿರಿ. ಕನ್ನಡದ ಪದ ಹೊಳೆಯದಿದ್ದರೆ ನಿಮ್ಮ ಹೊಲದ, ನಿಮ್ಮ ಮನೆಯ ಪದವನ್ನು ಕೊಡಿರಿ. ಹಾಗೆ ಕೇಳುವ ಮನೆಯಲ್ಲಿ ವಿದ್ಯಾರ್ಥಿಯು ಎರಡಾಗಿ ಬದುಕಬೇಕಾಗಿಲ್ಲ; ವಿಜ್ಞಾನದವನೂ, ಊರಿನವನೂ, ಶರಣರ ಹಾದಿಯವನೂ ಒಬ್ಬನೇ ಆಗಿ ಬೆಳೆಯುತ್ತಾನೆ.